ಹಸಿರು ಗುರುತಿನ ಸುಲಭದ ಹಾದಿ: ಹೋಗುವ ಮುನ್ನ ಇದನ್ನು ಓದಿ

ಗುಡ್ಡಗಾಡಿನ ಸಾರ್ವಜನಿಕ ಉದ್ಯಾನಕ್ಕೆ ಹೋಗುವವರು ಹೆದರುವುದು ಕಡಿದಾದ ಬಂಡೆಗೆ, ಪ್ರಪಾತಕ್ಕೆ, ನಕ್ಷೆಯಲ್ಲಿ ಕಪ್ಪು ಗುರುತಿರುವ ಕಷ್ಟದ ಹಾದಿಗೆ. ನಾನು ಎಚ್ಚರಿಸಲು ಹೊರಟಿರುವುದು ಅವುಗಳ ಬಗ್ಗೆ ಅಲ್ಲ. ನಡೆಯುವವರಿಗೆ, ಸೈಕಲ್ ಸವಾರರಿಗೆ, ಕುದುರೆ ಸವಾರರಿಗೆ ಮೂವರಿಗೂ ತೆರೆದಿರುವ, ಫಲಕದಲ್ಲಿ ಹಸಿರು ಬಣ್ಣ ಬಳಿದು ‘ಎಲ್ಲರಿಗೂ ಸುಲಭ’ ಎಂದು ಬರೆದಿರುವ ಹಾದಿಯ ಬಗ್ಗೆ. ನನ್ನ ತಂಗಿ ಅಂಥ ಹಾದಿಯಲ್ಲಿ ಕುದುರೆಯಿಂದ ಬಿದ್ದು ಕಾಲರ್ ಬೋನ್ ಮುರಿದುಕೊಂಡಳು. ತಲೆಗೆ ಪೆಟ್ಟಾಗದೆ ಉಳಿದದ್ದು ಅದೃಷ್ಟ ಎಂದು ವೈದ್ಯರೇ ಹೇಳಿದರು.

ಬಣ್ಣದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ನಂಬುವುದು ಅದನ್ನೇ. ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರಾಕೃತಿ ಎಂಬ ಗುರುತುಗಳು ಸ್ಕೀಯಿಂಗ್ ಇಳಿಜಾರುಗಳಿಂದ ಪರ್ವತ ಸೈಕಲ್ ಹಾದಿಗಳಿಗೆ ಬಂದವು. ಏರು ಎಷ್ಟು, ನೆಲ ಎಷ್ಟು ಒರಟು, ಹಾದಿ ಎಷ್ಟು ಅಗಲ ಎಂಬುದನ್ನು ಅವು ತಿಳಿಸುತ್ತವೆ. ಆ ಹಾದಿಯಲ್ಲಿ ನಿಮ್ಮ ಎದುರಿಗೆ ಯಾರು, ಎಷ್ಟು ವೇಗದಲ್ಲಿ ಬರುತ್ತಾರೆ ಎಂಬುದನ್ನು ಯಾವ ಬಣ್ಣವೂ ತಿಳಿಸುವುದಿಲ್ಲ. ಹಸಿರು ಎಂದರೆ ಸುಲಭ ಅಷ್ಟೇ, ಸುರಕ್ಷಿತ ಎಂದಲ್ಲ. ಸುಲಭ ಎಂಬ ಕಾರಣಕ್ಕೇ ಮಕ್ಕಳನ್ನು ಕರೆತಂದವರು, ಮೊದಲ ಸಲ ಕುದುರೆ ಹತ್ತಿದವರು, ಮೇಲಿನ ಕಷ್ಟದ ಹಾದಿ ಮುಗಿಸಿ ವೇಗವಾಗಿ ಇಳಿದುಬರುವ ಸೈಕಲ್ ಸವಾರರು ಎಲ್ಲರೂ ಅಲ್ಲಿಯೇ ಸೇರುತ್ತಾರೆ. ಕಪ್ಪು ಗುರುತಿನ ಹಾದಿಯಲ್ಲಿ ಜನ ಕಡಿಮೆ, ಇರುವವರೂ ಎಚ್ಚರದಿಂದ ಇರುತ್ತಾರೆ.

ನಾವು ಹೋದ ಹಾದಿಯ ಒಂದು ಕಡೆ ಗುಡ್ಡದ ಏರು, ಇನ್ನೊಂದು ಕಡೆ ಕಲ್ಲು ತುಂಬಿದ ಇಳಿಜಾರು. ಇಬ್ಬರು ಅಕ್ಕಪಕ್ಕ ನಡೆದರೆ ಮೂರನೆಯವರಿಗೆ ಜಾಗವಿಲ್ಲ. ತಂಗಿಗೆ ಕುದುರೆ ಸವಾರಿಯ ಆಸೆ ಬಹಳ ದಿನದಿಂದ ಇತ್ತು. ಪ್ರವೇಶದ್ವಾರದ ಬಳಿ ಬಾಡಿಗೆಗೆ ಕುದುರೆ ಕೊಡುವವರಿದ್ದರು. ಆರಂಭಿಕರಿಗಾಗಿ ಶಾಂತ ಕುದುರೆಗಳು, ಮುಂದೆ ಒಬ್ಬ ಮಾರ್ಗದರ್ಶಿ ಇರುತ್ತಾನೆ ಎಂದರು. ಅವಳಿಗೆ ಸಿಕ್ಕ ತರಬೇತಿ ಒಂದೇ ಮಾತು: “ಕುದುರೆಗೆ ದಾರಿ ಗೊತ್ತಿದೆ, ನೀವು ಸುಮ್ಮನೆ ಕುಳಿತಿರಿ.” ಲಗಾಮನ್ನು ಹೇಗೆ ಹಿಡಿಯಬೇಕು, ಕುದುರೆ ಬೆದರಿದರೆ ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಕುದುರೆಗಳ ಸಾಲಿನ ಮುಂದೆ ಮಾರ್ಗದರ್ಶಿ ಇದ್ದ, ಸಾಲಿನ ಹಿಂದೆ ಅವರ ಕಡೆಯವರು ಯಾರೂ ಇರಲಿಲ್ಲ. ತಂಗಿಯ ಗಂಡ ಮತ್ತು ನಾನು ನಡೆದೇ ಹಿಂಬಾಲಿಸಿದೆವು.

ಹಾದಿ ಇಳಿಯುತ್ತಾ ಒಂದು ಹೇರ್‌ಪಿನ್ ತಿರುವಿಗೆ ಬರುತ್ತದೆ. ಅಲ್ಲಿ ಪೊದೆ ಬೆಳೆದು ಆಚೆ ಬದಿ ಕಾಣುವುದಿಲ್ಲ. ಕುದುರೆಗಳು ತಿರುವು ದಾಟುತ್ತಿದ್ದಾಗ ಮೇಲಿನಿಂದ, ನಮ್ಮ ಬೆನ್ನ ಹಿಂದೆ, ಸೈಕಲ್ ಬಂತು. ಗಂಟೆಯ ಸದ್ದಿಲ್ಲ, ಕೂಗಿಲ್ಲ; ಕಲ್ಲಿನ ಮೇಲೆ ಚಕ್ರ ಉಜ್ಜಿದ ಸದ್ದು ಕೇಳಿಸಿದಾಗಲೇ ನಮಗೆ ತಿಳಿದದ್ದು. ನಾವಿಬ್ಬರೂ ಪೊದೆಗೆ ಒತ್ತಿ ನಿಂತೆವು. ಸವಾರ ಬ್ರೇಕ್ ಹಿಡಿದ, ಸೈಕಲ್ ನಿಲ್ಲಲಿಲ್ಲ. ನಮಗೆ ತಾಗಬಾರದೆಂದು ಅವನು ಗುಡ್ಡದ ಬದಿಗೆ ತಿರುಗಿಸಿದ. ಸೈಕಲ್ ಏರಿನ ಮೇಲೆ ಹತ್ತಿ, ಸಡಿಲ ಕಲ್ಲುಗಳನ್ನು ಉರುಳಿಸುತ್ತಾ, ತಂಗಿಯ ಕುದುರೆಯ ತಲೆಗಿಂತ ಎತ್ತರದಲ್ಲಿ ಹೋಗಿ ನಿಂತಿತು. ಕುದುರೆ ಒಂದೇ ಸಲಕ್ಕೆ ಸುತ್ತು ತಿರುಗಿತು. ತಂಗಿ ಜೀನಿನಿಂದ ಜಾರಿದಳು. ಒಂದು ಪಾದ ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆಯಾದ ರಿಕಾಪಿನಲ್ಲಿ ಸಿಕ್ಕಿಕೊಂಡು ಕುದುರೆ ಅವಳನ್ನು ಎಳೆಯಿತು. ಶೂ ಕಳಚಿಬಂದದ್ದರಿಂದ ಪಾದ ಬಿಡಿಸಿಕೊಂಡಿತು. ಅವಳು ಬಿದ್ದದ್ದು ಗುಡ್ಡದ ಬದಿಗೆ. ಇಳಿಜಾರಿನ ಬದಿಗೆ ಬಿದ್ದಿದ್ದರೆ ಈ ಬರಹ ಬೇರೆಯೇ ಆಗಿರುತ್ತಿತ್ತು. “ಅಕ್ಕಾ, ಕೈ ಎತ್ತಲು ಆಗುತ್ತಿಲ್ಲ” ಎಂದಳು.

ಆ ಸೈಕಲ್ ಸವಾರನ ಮೇಲೆ ನನಗೆ ಈಗ ಸಿಟ್ಟಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ, ನಡುಗುತ್ತಾ ಕೊನೆಯವರೆಗೂ ನಮ್ಮ ಜೊತೆಗೇ ಇದ್ದ. ಸೈಕಲ್ ಬಾಡಿಗೆಯದು. ಬ್ರೇಕ್ ಪ್ಯಾಡ್ ತೋರಿಸಿದ. ಉಜ್ಜುವ ಪದರ ಸವೆದು ಲೋಹವೇ ಲೋಹಕ್ಕೆ ತಾಗುತ್ತಿತ್ತು. ಹ್ಯಾಂಡಲ್ ಮೇಲೆ ಗಂಟೆಯೇ ಇರಲಿಲ್ಲ. ಬಾಡಿಗೆ ಕೊಟ್ಟವರು ಅವನಿಗೆ ಹೇಳಿದ್ದು ‘ಈ ಹಾದಿ ಸುಲಭ, ನೇರವಾಗಿ ಗೇಟಿಗೆ ಬಂದು ಸೇರುತ್ತದೆ’ ಎಂದು. ಅದೇ ಹಾದಿಯಲ್ಲಿ ಕುದುರೆಗಳು ಹೋಗುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಕುದುರೆ ಕೊಟ್ಟವರು ಸೈಕಲ್‌ಗಳ ಮಾತೆತ್ತಲಿಲ್ಲ. ನಡೆಯುವವರಿಗೆ ನಕ್ಷೆ ಕೊಡುವ ಕಿಟಕಿಯಲ್ಲಿ ಈ ಎರಡರ ಸುದ್ದಿಯೂ ಇರಲಿಲ್ಲ. ಮೂರು ಕಡೆಯಿಂದ ಮೂರು ಬಗೆಯ ಜನರನ್ನು ಒಂದೇ ಕಿರಿದಾದ ಹಾದಿಗೆ ಕಳುಹಿಸಿ, ಒಬ್ಬರ ವಿಷಯವನ್ನು ಇನ್ನೊಬ್ಬರಿಗೆ ಹೇಳದಿರುವುದು, ಇದನ್ನು ನಾನು ಕ್ಷಮಿಸಲಾರೆ.

ಹೇಳುವುದಕ್ಕೆ ಬಹಳವೇನೂ ಬೇಕಿರಲಿಲ್ಲ. ಮೂವರು ಹಂಚಿಕೊಳ್ಳುವ ಹಾದಿಗಳಲ್ಲಿ ಬಹುತೇಕ ಎಲ್ಲೆಡೆ ನಡೆಯುವ ರೂಢಿ ಇಷ್ಟೇ: ಸೈಕಲ್ ಸವಾರರು ಉಳಿದಿಬ್ಬರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ದಾರಿ ಬಿಡಬೇಕು, ಕುದುರೆ ಯಾರಿಗೂ ದಾರಿ ಬಿಡಬೇಕಿಲ್ಲ. ಕೆಲವು ಉದ್ಯಾನಗಳಲ್ಲಿ ಇದನ್ನು ತ್ರಿಕೋನದ ಫಲಕವಾಗಿ ಹಾದಿಯ ಆರಂಭದಲ್ಲೇ ನೆಟ್ಟಿರುತ್ತಾರೆ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ. ಮೂವರಲ್ಲಿ ತನ್ನನ್ನು ತಾನು ತಡೆದುಕೊಳ್ಳಲಾರದ್ದು ಕುದುರೆ ಒಂದೇ.

ಕುದುರೆ ಸುಮಾರು 500 ಕಿಲೋ ತೂಗುವ ಪ್ರಾಣಿಯಾದರೂ ಅದರ ಸ್ವಭಾವ ಬೇಟೆಗಾರನದಲ್ಲ, ಬೇಟೆಗೆ ಬಲಿಯಾಗುವ ಪ್ರಾಣಿಯದು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ನೇರ ಬೆನ್ನ ಹಿಂದೆ ಮತ್ತು ಹಣೆಯ ಮುಂದಿನ ಒಂದಿಷ್ಟು ಜಾಗ. ಹಿಂದಿನಿಂದ ಸದ್ದಿಲ್ಲದೆ, ವೇಗವಾಗಿ, ಬೆನ್ನು ಬಾಗಿಸಿಕೊಂಡು ಬರುವ ಸೈಕಲ್ ಸವಾರ ಅದಕ್ಕೆ ಮನುಷ್ಯನಂತೆ ತೋರುವುದೇ ಇಲ್ಲ. ಓಡುವುದೊಂದೇ ಅದಕ್ಕೆ ಗೊತ್ತಿರುವ ರಕ್ಷಣೆ. ಒಂದು ಬೆದರಿದರೆ ಸಾಲಿನ ಉಳಿದವುಗಳೂ ಬೆದರುತ್ತವೆ. ಅಂದು ಹಿಂದಿನ ಕುದುರೆಯ ಮೇಲೆ ಮಗುವೊಂದು ಇತ್ತು. ಮಾರ್ಗದರ್ಶಿ ಓಡಿಬಂದು ಅದರ ಲಗಾಮು ಹಿಡಿಯುವಷ್ಟು ಹೊತ್ತು ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು.

ಆದ್ದರಿಂದ ನಡೆಯುವವರಲ್ಲಿ ನನ್ನ ವಿನಂತಿ: ಕುದುರೆ ಕಂಡ ಕೂಡಲೇ ನಿಲ್ಲಿ, ಮಾತನಾಡಿ. ‘ನಮಸ್ಕಾರ, ದಾರಿ ಬಿಡುತ್ತೇವೆ’ ಎಂದರೂ ಸಾಕು. ಮನುಷ್ಯನ ದನಿ ಕೇಳಿದರೆ ಎದುರಿಗಿರುವುದು ಏನೆಂದು ಕುದುರೆಗೆ ತಿಳಿಯುತ್ತದೆ. ಮರದ ಹಿಂದೆ ಅಡಗಿ ನಿಲ್ಲಬೇಡಿ. ದೊಡ್ಡ ಬೆನ್ನುಚೀಲ, ಬಿಚ್ಚಿದ ಕೊಡೆ, ಗಾಳಿಗೆ ಪಟಪಟಿಸುವ ರೇನ್‌ಕೋಟ್ ಕೂಡ ಅದನ್ನು ಬೆದರಿಸಬಹುದು. ನಿಲ್ಲುವಾಗ ಸಾಧ್ಯವಾದರೆ ಹಾದಿಯ ಕೆಳಬದಿಗೆ ನಿಲ್ಲಬೇಕು ಎಂದು ಕುದುರೆ ಬಲ್ಲವರು ಹೇಳುತ್ತಾರೆ, ಏಕೆಂದರೆ ತನಗಿಂತ ಎತ್ತರದಲ್ಲಿರುವ ಆಕೃತಿ ಅದಕ್ಕೆ ಮೇಲೆರಗುವ ಪ್ರಾಣಿಯಂತೆ ತೋರುತ್ತದೆ. ಆದರೆ ಕೆಳಬದಿ ಕಮರಿಯಾಗಿದ್ದರೆ ಈ ನಿಯಮವನ್ನು ಪಾಲಿಸಲು ಹೋಗಬೇಡಿ. ಕಾಲಿಗೆ ಗಟ್ಟಿ ನೆಲ ಸಿಗುವ ಕಡೆ ನಿಂತು ಕುದುರೆಯ ಮೇಲಿರುವವರನ್ನೇ ಕೇಳಿ.

ಸೈಕಲ್ ಸವಾರರೇ, ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಒಂದು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ದೂರ ಸಾಗುತ್ತೀರಿ. ಎದುರಿಗಿರುವುದನ್ನು ಕಂಡು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ. ಬ್ರೇಕ್ ಕೆಲಸ ಶುರುಮಾಡುವುದು ಅದರ ನಂತರ, ಅದೂ ಸಡಿಲ ಕಲ್ಲಿನ ಮೇಲೆ. ತಿರುವಿನಲ್ಲಿ ಕಾಣುವುದು 10 ಮೀಟರ್ ಆದರೆ ಆ 10 ಮೀಟರಿನೊಳಗೆ ಪೂರ್ತಿ ನಿಲ್ಲಬಹುದಾದ ವೇಗವೇ ನಿಮ್ಮ ವೇಗ. ಹಿಂದಿನಿಂದ ಬಂದರೆ ದೂರದಲ್ಲೇ ಗಂಟೆ ಬಾರಿಸಿ, ಕುದುರೆ ಕಂಡರೆ ಇಳಿದು ನಿಂತು ಮಾತನಾಡಿಸಿ, ಸವಾರರು ಹೇಳಿದ ಮೇಲೆ ಮುಂದೆ ಹೋಗಿ. ಬಾಡಿಗೆ ಸೈಕಲ್ ಹತ್ತುವ ಮುನ್ನ ಒಂದೊಂದೇ ಬ್ರೇಕ್ ಹಿಡಿದು ಸೈಕಲನ್ನು ತಳ್ಳಿ ನೋಡಿ. ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳಬೇಕು. ಬ್ರೇಕ್ ಹಿಡಿಕೆ ಹ್ಯಾಂಡಲ್‌ಗೆ ತಾಗುವವರೆಗೂ ಬಂದರೆ ಆ ಸೈಕಲ್ ಬೇಡ ಎನ್ನಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಹಿಡಿದೇ ಇದ್ದರೆ ಡಿಸ್ಕ್ ಕಾದು ಹಿಡಿತ ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ತಂಗಿ ಬಿದ್ದ ಮೇಲಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾರ್ಗದರ್ಶಿ ಮಾಡಲು ಹೊರಟ ಮೊದಲ ಕೆಲಸ ಅವಳನ್ನು ಎಬ್ಬಿಸಿ ಮತ್ತೆ ಕುದುರೆಯ ಮೇಲೆ ಕೂರಿಸುವುದು. ಬೇಗ ಗೇಟು ತಲುಪಬಹುದು ಎಂದ. ಆ ಹೊತ್ತಿಗೆ ಕೆಳಗಿನಿಂದ ನಡೆದುಬಂದ ಹಿರಿಯ ಮಹಿಳೆಯೊಬ್ಬರು ತಾವು ನರ್ಸ್ ಆಗಿದ್ದವರೆಂದು ಹೇಳಿ ಅವನನ್ನು ತಡೆದರು. ಬಿದ್ದವರ ಕತ್ತು, ಬೆನ್ನು ನೋಯುತ್ತಿದೆಯೇ, ಕಾಲು ಬೆರಳುಗಳನ್ನು ಆಡಿಸಲು ಆಗುತ್ತಿದೆಯೇ ಎಂದು ಕೇಳದೆ ಅಲುಗಾಡಿಸಬಾರದು ಎಂದರು. ಹೆಲ್ಮೆಟ್ ತೆಗೆಯಲು ಬಿಡಲಿಲ್ಲ. ತಮ್ಮ ಶಾಲನ್ನು ಮಡಚಿ ತಂಗಿಯ ಕೈಯನ್ನು ಎದೆಗೆ ಆನಿಸಿ ಕಟ್ಟಿದರು. ಬೆವರಿಗೆ ನೆನೆದ ಬಟ್ಟೆ, ಗುಡ್ಡದ ನೆರಳು, ಬಿದ್ದ ಆಘಾತ ಎಲ್ಲ ಸೇರಿ ಅವಳು ನಡುಗತೊಡಗಿದಾಗ, ಮೇಲೆ ಹೊದಿಸುವುದಕ್ಕಿಂತ ಮೊದಲು ಅಡಿಗೆ ಏನಾದರೂ ಹಾಕಿ, ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ ಎಂದರು. ಅವರ ಹೆಸರು ಕೇಳುವ ವ್ಯವಧಾನವೂ ನಮಗಿರಲಿಲ್ಲ. ಅವರಿಗೆ ನಮ್ಮ ಮನೆಮಂದಿಯೆಲ್ಲ ಋಣಿಗಳು.

ತಿರುವಿನಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ತಂಗಿಯ ಗಂಡ ದಿಬ್ಬ ಹತ್ತಿ 112ಕ್ಕೆ ಕರೆ ಮಾಡಿದರು. ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆ ಅಲ್ಲಿ ಸಿಗುವ ಬೇರೆ ಜಾಲದ ಮೂಲಕ ಹೋಗಬಲ್ಲದು. ಯಾವ ಜಾಲವೂ ಇಲ್ಲದ ಕಡೆ ಅದೂ ಆಗದು. ಕರೆ ಸಿಕ್ಕಿತು, ಆದರೆ ‘ನೀವು ಎಲ್ಲಿದ್ದೀರಿ’ ಎಂಬ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟವಾಯಿತು. ಹಾದಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳಿವೆ ಎಂದು ನಕ್ಷೆ ಹೇಳುತ್ತಿತ್ತು. ಆ ಭಾಗದ ಕಂಬ ಮುರಿದು ಬಿದ್ದು ಸಂಖ್ಯೆ ಅಳಿಸಿತ್ತು. ಕೊನೆಗೆ ಮೊಬೈಲ್‌ನ ಜಿಪಿಎಸ್ ತೋರಿಸಿದ ಅಕ್ಷಾಂಶ ರೇಖಾಂಶಗಳನ್ನು ಓದಿ ಹೇಳಿದರು. ಜಿಪಿಎಸ್‌ಗೆ ಮೊಬೈಲ್ ಜಾಲ ಬೇಕಿಲ್ಲ, ಅದು ಉಪಗ್ರಹಗಳಿಂದ ನೇರವಾಗಿ ಸ್ಥಾನ ತಿಳಿಯುತ್ತದೆ. ನಕ್ಷೆಯನ್ನು ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಕರೆ ನಿಲ್ಲದಷ್ಟು ದುರ್ಬಲ ಸಿಗ್ನಲ್ ಇರುವಲ್ಲಿಯೂ ಒಂದು ಸಂದೇಶ ಹೋಗಿಬಿಡುವುದುಂಟು. ದಾಟಿದ ಕಂಬಗಳ ಸಂಖ್ಯೆಯನ್ನು ಹಾದಿಯಲ್ಲೇ ಗುರುತು ಹಾಕಿಕೊಳ್ಳುತ್ತಾ ಹೋಗಿ. ಸೀಟಿಯೊಂದು ಕೊರಳಲ್ಲಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತ ಪ್ರದೇಶದಲ್ಲಿ ಆಪತ್ತಿನ ಸಂಕೇತ.

ಸ್ಟ್ರೆಚರ್ ಹೊತ್ತ ಸಿಬ್ಬಂದಿ ಬರುವ ಹೊತ್ತಿಗೆ ಬೆಳಕು ಇಳಿದಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಕೈಗೆ ಜೋಲಿ ಹಾಕಿದರು. ದೊಡ್ಡವರಲ್ಲಿ ಮುರಿದ ಕಾಲರ್ ಬೋನ್ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ತಲೆಸುತ್ತು, ವಾಂತಿ, ಗೊಂದಲದ ಮಾತು ಕಂಡರೆ ತಕ್ಷಣ ಮರಳಿ ಬನ್ನಿ ಎಂದು ಎಚ್ಚರಿಸಿ ಕಳುಹಿಸಿದರು.

ಕುದುರೆ ಹತ್ತುವ ಮನಸ್ಸಿದ್ದವರು ಖಂಡಿತ ಹತ್ತಿ, ನಾನು ಬೇಡವೆನ್ನುವುದಿಲ್ಲ. ಆದರೆ ಕುದುರೆಗಳಿಗೆ ಮೀಸಲಾದ ಹಾದಿ ಇರುವ ಉದ್ಯಾನವನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಸೈಕಲ್ ಸವಾರರು ಕಡಿಮೆಯಿರುವ ವಾರದ ದಿನ ಬೆಳಗ್ಗೆ ಹೋಗಿ. ಸಾಲಿನ ಹಿಂದೆಯೂ ಒಬ್ಬರು ಇರುತ್ತಾರೆಯೇ ಎಂದು ಕೇಳಿ, ಇಲ್ಲವೆಂದರೆ ಹಣ ಕೊಡಬೇಡಿ. ಸ್ವಲ್ಪ ಹಿಮ್ಮಡಿ ಎತ್ತರವಿರುವ ಪಾದರಕ್ಷೆ ಹಾಕಿಕೊಳ್ಳಿ, ಚಪ್ಪಟೆ ತಳದ ಶೂ ರಿಕಾಪಿನೊಳಗೆ ಪೂರ್ತಿ ಜಾರಿಹೋಗುತ್ತದೆ.

ಹೆಲ್ಮೆಟ್ ವಿಷಯ ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ತಂಗಿಗೆ ಕೊಟ್ಟದ್ದು ಸೈಕಲ್ ಹೆಲ್ಮೆಟ್. ಕುದುರೆ ಸವಾರಿಯ ಹೆಲ್ಮೆಟ್ ಬೇರೆ ಬಗೆಯ ಬೀಳುವಿಕೆಗೆಂದು ಮಾಡಿದ್ದು, ತಲೆಯ ಹಿಂಭಾಗವನ್ನು ಇನ್ನಷ್ಟು ಕೆಳಗಿನವರೆಗೆ ಮುಚ್ಚುತ್ತದೆ. ಮರುದಿನ ಅವಳ ಶೂ ಮತ್ತು ಚೀಲ ತರಲು ನಾನು ಆ ಬಾಡಿಗೆಯವರ ಬಳಿಗೆ ಹೋದಾಗ, ಬಂಡೆಗೆ ಬಡಿದಿದ್ದ ಅದೇ ಹೆಲ್ಮೆಟ್, ಪಕ್ಕದಲ್ಲಿ ಗೀರು ಬಿದ್ದದ್ದು, ಉಳಿದವುಗಳ ಜೊತೆ ಕೊಕ್ಕೆಗೆ ನೇತುಬಿದ್ದಿತ್ತು. ಒಳಗಿನ ಫೋಮ್ ಒಮ್ಮೆ ಅದುಮಿಹೋದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ದೊಡ್ಡ ಪೆಟ್ಟು ತಿಂದ ಹೆಲ್ಮೆಟನ್ನು ಎಸೆಯಲೇಬೇಕು. ಅದನ್ನು ಅಲ್ಲಿಂದ ತೆಗೆಸಲು ನಾನು ಜಗಳವನ್ನೇ ಆಡಬೇಕಾಯಿತು. ಬಾಡಿಗೆ ಹೆಲ್ಮೆಟ್ ಕೈಗೆ ಬಂದರೆ ತಿರುಗಿಸಿ ಒಳಭಾಗ ನೋಡಿ. ಫೋಮ್‌ನಲ್ಲಿ ಬಿರುಕು, ತಗ್ಗು, ಹೊರಚಿಪ್ಪಿನಲ್ಲಿ ಆಳದ ಗೀರು ಕಂಡರೆ ಹಿಂದಿರುಗಿಸಿ. ಗದ್ದದ ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿದರೆ ಅದು ಜಾರಬಾರದು. ಮಕ್ಕಳಿಗೆ ಕೊಡುವುದನ್ನು ಎರಡು ಸಲ ನೋಡಿ.