ಎನ್‌ವಿಡಿಎ ಸ್ಕ್ರೀನ್ ರೀಡರ್: ವರ್ಷಗಟ್ಟಲೆ ಬಳಸಿದವರ ಅನಿಸಿಕೆ

ನನಗೆ ಕಣ್ಣು ಕಾಣಿಸುವುದಿಲ್ಲ. ಕಂಪ್ಯೂಟರಿನಲ್ಲಿ ಏನು ಮಾಡಿದರೂ ಎನ್‌ವಿಡಿಎ ಓದಿ ಹೇಳಬೇಕು, ನಾನು ಕೇಳಿಸಿಕೊಳ್ಳಬೇಕು. ವರ್ಡ್, ಎಕ್ಸೆಲ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದರ ಬಗ್ಗೆ ಇಷ್ಟು ಸಾಕು. ಈಗ ಬ್ಯಾಂಕು, ಟಿಕೆಟ್, ಆಫೀಸಿನ ಕೆಲಸ ಎಲ್ಲ ಬ್ರೌಸರ್ ಒಳಗೇ ಸೇರಿಕೊಂಡಿದೆ. ಹಾಗಾಗಿ ವೆಬ್‌ಸೈಟ್‌ಗಳ ಜೊತೆ ಇದು ಹೇಗೆ ಏಗುತ್ತದೆ ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದನ್ನು 2006ರಲ್ಲಿ ಶುರು ಮಾಡಿದವರು ಮೈಕೆಲ್ ಕರ್ರನ್. ಆಮೇಲೆ ಜೇಮ್ಸ್ ಟೇ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಆಸ್ಟ್ರೇಲಿಯಾದ ಎನ್‌ವಿ ಆಕ್ಸೆಸ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ.

ಮೊದಲ ಸಲ ಕೇಳುವವರು ದನಿಗೇ ಮುಖ ಸಿಂಡರಿಸುತ್ತಾರೆ. ಜೊತೆಗೆ ಬರುವ ಇಸ್ಪೀಕ್ ದನಿ ಸ್ವಲ್ಪ ಯಂತ್ರದ ಹಾಗೇ ಇದೆ, ಸುಳ್ಳಲ್ಲ. ಆದರೆ ವೇಗ ಎಷ್ಟೇ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಅಭ್ಯಾಸವಾದವರಿಗೆ ಇಂಪಿಗಿಂತ ಅದೇ ಮುಖ್ಯ. ಕನ್ನಡವನ್ನೂ ಓದುತ್ತದೆ. ಪುಟದ ಕೋಡ್‌ನಲ್ಲಿ ಭಾಷೆ ಯಾವುದು ಅಂತ ಸರಿಯಾಗಿ ಗುರುತು ಹಾಕಿದ್ದರೆ ತಾನಾಗಿಯೇ ಆ ಭಾಷೆಗೆ ಹೊರಳುತ್ತದೆ.

ಕಲಿಯಬೇಕಾದ ಮುಖ್ಯ ಸಂಗತಿ ಎರಡು ಮೋಡ್‌ಗಳು. ಬ್ರೌಸ್ ಮೋಡ್‌ನಲ್ಲಿ ಪುಟವನ್ನು ಓದುತ್ತಾ ಹೋಗುತ್ತೇವೆ. ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಲಿಂಕು, ಬಿ ಒತ್ತಿದರೆ ಬಟನ್. ಟೈಪ್ ಮಾಡುವ ಜಾಗಕ್ಕೆ ಬಂದು ಎಂಟರ್ ಒತ್ತಿದರೆ ಸಣ್ಣದೊಂದು ಸದ್ದು ಮಾಡಿ ಫೋಕಸ್ ಮೋಡ್‌ಗೆ ಹೋಗುತ್ತದೆ. ಆಗ ಎಚ್ ಒತ್ತಿದರೆ ಎಚ್ ಅಕ್ಷರವೇ ಬೀಳುತ್ತದೆ. ಎಸ್ಕೇಪ್ ಒತ್ತಿದರೆ ವಾಪಸ್ಸು. ಹೊಸಬರು ಎಡವುವುದು ಬಹುಪಾಲು ಇಲ್ಲೇ. ಒಂದು ಪುಟದಲ್ಲಿ ಏನೇನಿದೆ ಅಂತ ಒಟ್ಟಿಗೆ ತಿಳಿಯಬೇಕಾದರೆ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಎಫ್7 ಒತ್ತಿ. ಲಿಂಕು, ತಲೆಬರಹ, ಬಟನ್ ಎಲ್ಲ ಪಟ್ಟಿಯಾಗಿ ಸಿಗುತ್ತದೆ. ನಾನು ಹೊಸ ಸೈಟಿಗೆ ಹೋದರೆ ಮೊದಲು ಮಾಡುವ ಕೆಲಸ ಅದು. ಪಟ್ಟಿ ಖಾಲಿ ಬಂದರೆ ಆ ಸೈಟಿನ ಜಾತಕ ಅಲ್ಲಿಗೇ ಗೊತ್ತಾಗಿಬಿಡುತ್ತದೆ.

"ಎನ್‌ವಿಡಿಎ ಓದ್ತಾನೇ ಇಲ್ಲ, ಕೆಟ್ಟುಹೋಗಿದೆ" ಅಂತ ದೂರುವವರು ತುಂಬ ಜನ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಅದರ ಪಾಡೂ ಅಷ್ಟೇ. ಎನ್‌ವಿಡಿಎ ಪರದೆಯ ಮೇಲಿನ ಚಿತ್ರವನ್ನು ನೋಡಿ ಹೇಳುವುದಿಲ್ಲ. ಪುಟದ ಕೋಡ್ ನೋಡಿ ಬ್ರೌಸರ್ ಏನು ತಿಳಿಸುತ್ತದೋ ಅದನ್ನು ದಾಟಿಸುತ್ತದೆ, ಅಷ್ಟೇ. ಕೋಡ್ ಬಾಯಿ ಬಿಡದಿದ್ದರೆ ಇದೂ ಸುಮ್ನೆ ಇರುತ್ತದೆ.

ಪುಟ ಒಮ್ಮೆ ತೆರೆದುಕೊಂಡು ಹಾಗೇ ನಿಂತಿರುವಾಗ ಈ ತೊಂದರೆ ಕಡಿಮೆ. ಈಗಿನ ಪುಟಗಳು ಕೂತಲ್ಲೇ ಬದಲಾಗುತ್ತವೆ. ಬಟನ್ ಒತ್ತುತ್ತೇನೆ. ಮೂಲೆಯಲ್ಲಿ "ಸೇರಿಸಲಾಗಿದೆ" ಅಂತ ಬಂದು ಹೋಗುತ್ತದಂತೆ. ನನಗೆ ಬರೀ ಮೌನ. ಒತ್ತಿದ್ದು ಹತ್ತಿತೋ ಇಲ್ಲವೋ ಅಂತ ಇನ್ನೊಂದು ಸಲ ಒತ್ತಿದರೆ ಬುಟ್ಟಿಯಲ್ಲಿ ಎರಡು ಕೂತಿರುತ್ತವೆ. ಇದಕ್ಕೆ ಮದ್ದು ಏರಿಯಾ ಲೈವ್ ಅನ್ನುವ ಗುರುತು. ಏರಿಯಾ (ARIA) ಅಂದರೆ ಪುಟದಲ್ಲಿ ಯಾವುದು ಏನು ಅಂತ ಸ್ಕ್ರೀನ್ ರೀಡರಿಗೆ ತಿಳಿಸಲು ಕೋಡಿನಲ್ಲಿ ಹಾಕುವ ಗುರುತುಗಳು; ಲೈವ್ ಅಂದರೆ ಇಲ್ಲಿ ಬದಲಾದದ್ದನ್ನು ಓದಿ ಹೇಳು ಅಂತ. ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಏರಿಯಾವನ್ನು 2014ರಲ್ಲೇ ಅಧಿಕೃತ ಮಾನದಂಡ ಮಾಡಿತು. ಅಂಗವಿಕಲರಿಗೂ ಬಳಸಲು ಆಗುವಂತೆ ಸೈಟು ಹೇಗಿರಬೇಕು ಅಂತ ಹೇಳುವ 2018ರ ಡಬ್ಲ್ಯೂಸಿಎಜಿ 2.1 ನಿಯಮಗಳಲ್ಲಿ ಇಂಥ ಸ್ಥಿತಿ ಸಂದೇಶಗಳಿಗೇ ಬೇರೆಯೊಂದು ಅಂಶ ಇದೆ. ಗುರುತು ಹಾಕಿದ ಖಾಲಿ ಜಾಗವೊಂದು ಪುಟದಲ್ಲಿ ಮೊದಲೇ ಇರಬೇಕು, ಮಾತು ಆಮೇಲೆ ಅದರೊಳಗೆ ಬೀಳಬೇಕು. ಜಾಗವನ್ನೂ ಮಾತನ್ನೂ ಒಟ್ಟಿಗೆ ತಂದು ಹಾಕಿದರೆ ಎಷ್ಟೋ ಸಲ ಕೇಳಿಸುವುದೇ ಇಲ್ಲ.

ಇನ್ನು ಕೆಲವರು ಅದನ್ನೇ ಅತಿ ಮಾಡುತ್ತಾರೆ. ಒಂದು ಟಿಕೆಟ್ ಸೈಟಿನಲ್ಲಿ ಹಣ ಕಟ್ಟಲು ಉಳಿದಿರುವ ಸಮಯ ಇಳಿಯುತ್ತಾ ಬರುತ್ತದೆ. ಅದಕ್ಕೆ ಅಸರ್ಟಿವ್ ಹಾಕಿಬಿಟ್ಟಿದ್ದಾರೆ, ಅಂದರೆ ಯಾವ ಮಾತನ್ನಾದರೂ ತಡೆದು ಇದನ್ನೇ ಹೇಳು ಅಂತ. ನಾನು ಹೆಸರಿನ ಜಾಗಕ್ಕೆ ಬಂದರೆ "ಪ್ರಯಾಣಿಕರ" ಅನ್ನುವಷ್ಟರಲ್ಲಿ "ನಾಲ್ಕು ನಿಮಿಷ ಹನ್ನೆರಡು ಸೆಕೆಂಡು". ಮತ್ತೆ "ಪ್ರಯಾ", ಅಷ್ಟರಲ್ಲಿ "ನಾಲ್ಕು ನಿಮಿಷ ಹನ್ನೊಂದು". ಯಾವ ಜಾಗದಲ್ಲಿದ್ದೇನೆ ಅಂತಲೇ ತಿಳಿಯದೆ ಸಮಯ ಮುಗಿದುಹೋಗುತ್ತದೆ. ಆಗ ಎನ್‌ವಿಡಿಎ ಕೀ ಜೊತೆ 5 ಒತ್ತಬೇಕು. ಪುಟದಲ್ಲಿ ತಾನಾಗಿ ಬದಲಾಗುವುದನ್ನು ಹೇಳುವುದು ನಿಲ್ಲುತ್ತದೆ. ತಲೆನೋವು ಹೋಯಿತು, ಆದರೆ "ಕಾರ್ಡ್ ನಂಬರ್ ತಪ್ಪಿದೆ" ಅನ್ನುವ ಎಚ್ಚರಿಕೆಯೂ ಜೊತೆಗೇ ಹೋಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ ಏನು ಮಾಡೋಣ? ನಿಮಿಷಕ್ಕೊಮ್ಮೆ, ಪೊಲೈಟ್ ಆಗಿ, ಅಂದರೆ ಓದುತ್ತಿರುವ ಮಾತು ಮುಗಿದ ಮೇಲೆ, ಹೇಳಿಸಿದ್ದರೆ ಮುಗಿಯುತ್ತಿತ್ತು. ಸಾಮಾನ್ಯವಾಗಿ ಹೀಗೆ ಸಮಯಕ್ಕೆ ಮಿತಿ ಹಾಕುವಾಗ, ಮುಗಿಯುವ ಮುಂಚೆ ಎಚ್ಚರಿಸಿ, ಸುಲಭವಾಗಿ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕು ಅನ್ನುವ ದಾರಿಯೂ ಡಬ್ಲ್ಯೂಸಿಎಜಿಯಲ್ಲಿದೆ. ಹಾಗೆ ಕೇಳುವ ಸೈಟು ಸಿಕ್ಕರೆ ಅದೇ ಹಬ್ಬ.

ತಾರೀಖು ಆರಿಸುವ ಕ್ಯಾಲೆಂಡರ್ ಇನ್ನೊಂದು ಕಾಟ. "12, 13, 14" ಅಂತ ಓದುತ್ತದೆ. ಯಾವ ತಿಂಗಳು, ಯಾವ ವಾರ? ಅದು ಬಟನ್ನೋ ಬರೀ ಅಕ್ಷರವೋ? ಎಂಟರ್ ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಬರೀ ಡಿವ್‌ಗಳನ್ನು, ಅಂದರೆ ತಾನು ಏನೆಂದು ಹೇಳದ ಬರೀ ಡಬ್ಬಿಗಳನ್ನು, ಜೋಡಿಸಿ, ಮೌಸ್ ಕ್ಲಿಕ್ಕಿಗೆ ಮಾತ್ರ ಓಗೊಡುವ ಹಾಗೆ ಮಾಡಿರುತ್ತಾರೆ. ಕೆಲವರು ಅದರ ಮೇಲೆ ಏರಿಯಾದಿಂದ "ಬಟನ್" ಅಂತ ಹೆಸರು ಅಂಟಿಸುತ್ತಾರೆ. ಅದು ಇನ್ನೂ ಕೆಡುಕು. ಏರಿಯಾ ಹೆಸರು ಹೇಳುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಎಚ್‌ಟಿಎಂಎಲ್‌ನ ನಿಜವಾದ ಬಟನ್ ಟ್ಯಾಗ್ ಹಾಕಿದ್ದರೆ ಟ್ಯಾಬ್‌ಗೆ ಸಿಗುವುದು, ಎಂಟರ್‌ಗೂ ಸ್ಪೇಸ್‌ಗೂ ಓಗೊಡುವುದು ಎಲ್ಲ ಪುಕ್ಕಟೆ ಬರುತ್ತಿತ್ತು. ಕ್ಯಾಲೆಂಡರ್ ಪಕ್ಕದಲ್ಲಿ ತಾರೀಖು ಟೈಪ್ ಮಾಡಲು ಒಂದು ಜಾಗ ಕೊಟ್ಟರಂತೂ ನಮಗೆ ಇನ್ನೇನೂ ಬೇಡ. ಕೈ ನಡುಗುವವರಿಗೆ, ಮೌಸ್ ಹಿಡಿಯಲು ಆಗದವರಿಗೆ, ಮಾತಿನಲ್ಲೇ ಕಂಪ್ಯೂಟರ್ ನಡೆಸುವವರಿಗೂ ಇದೇ ಬೇಕಾಗಿರುವುದು.

ಮೆಚ್ಚುಗೆಯೂ ಹೇಳಬೇಕು. ಸರಿಯಾಗಿ ಮಾಡಿದ ಪಾಪ್‌ಅಪ್ ಸಿಕ್ಕಾಗ ಎನ್‌ವಿಡಿಎ ಬೆಣ್ಣೆಯಂತೆ ಓಡುತ್ತದೆ. ತೆರೆದ ಕೂಡಲೇ ಅದರ ಶೀರ್ಷಿಕೆ ಓದುತ್ತದೆ. ಟ್ಯಾಬ್ ಒತ್ತಿದರೆ ಹಿಂದಿನ ಪುಟಕ್ಕೆ ಜಾರುವುದಿಲ್ಲ. ಎಸ್ಕೇಪ್ ಒತ್ತಿದರೆ, ಯಾವ ಬಟನ್‌ನಿಂದ ಹೊರಟಿದ್ದೆನೋ ಅಲ್ಲಿಗೇ ತಂದು ಬಿಡುತ್ತದೆ. ಪುಟ ಬದಲಾದಾಗ ಹೊಸ ತಲೆಬರಹದ ಮೇಲೆ ಫೋಕಸ್ ಇಡುವ ಸೈಟುಗಳೂ ಇವೆ. ಅಂಥ ಕಡೆ ಎಷ್ಟು ಚಕಚಕ ಕೆಲಸ ಆಗುತ್ತದೆ ಅಂದರೆ ಪಕ್ಕದಲ್ಲಿ ಕೂತವರಿಗೆ ನನ್ನ ಟೈಪಿಂಗ್ ಸದ್ದು ಮಾತ್ರ ಕೇಳಿಸುತ್ತದೆ.

ಕೊರತೆ ಇಲ್ಲವೇ? ಸಾವಿರಾರು ಸಾಲಿನ ಟೇಬಲ್ ಇರುವ ಭಾರೀ ಪುಟಗಳಲ್ಲಿ ಕಾಯಬೇಕಾಗುತ್ತದೆ. ಕೀಗಳ ಪಟ್ಟಿ ಉದ್ದ, ಕಲಿಯಲು ತಾಳ್ಮೆ ಬೇಕು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಸೈಟು ಕಟ್ಟುವವರೂ ಇದನ್ನು ಇಳಿಸಿಕೊಳ್ಳಬಹುದು, ಹೇಗೂ ದುಡ್ಡಿಲ್ಲ. ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ, ಹೇಳಿದ್ದೆಲ್ಲ ಅಕ್ಷರದಲ್ಲಿ ಬರುತ್ತದೆ. ಮೌಸ್ ಪಕ್ಕಕ್ಕಿಡಿ, ಪರದೆ ಆಫ್ ಮಾಡಿ, ನಿಮ್ಮದೇ ಸೈಟಿನಲ್ಲಿ ಒಂದು ಫಾರ್ಮ್ ತುಂಬಿ ನೋಡಿ. ಎಲ್ಲಿ ಮೌನ ಬಂತೋ ಅಲ್ಲಿ ಪರದೆ ಹಚ್ಚಿ ವ್ಯೂವರ್ ಓದಿ. ಮ್ಯಾಕ್ ಇದ್ದವರು ಅದರಲ್ಲೇ ಬರುವ ವಾಯ್ಸ್‌ಓವರ್, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಯೂ ಒಂದು ಸಲ ನೋಡಿ, ಯಾಕೆಂದರೆ ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿ ಹಾಗೇ ಓದುತ್ತದೆ ಅನ್ನುವ ಖಾತ್ರಿಯಿಲ್ಲ.