ಪ್ರೂಫ್ ತಿದ್ದುಪಡಿಗೆ ವಾಟ್ಸಾಪ್, ವರ್ಡ್, ಗೂಗಲ್ ಡಾಕ್ಸ್: ನಾನು ಬಳಸಿ ನೋಡಿದ್ದು

ಹೋದ ವರ್ಷ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ದಾನಿಯೊಬ್ಬರ ಹೆಸರು ತಪ್ಪಾಗಿ ಅಚ್ಚಾಯಿತು. ತಪ್ಪಿದೆ ಎಂದು ಒಬ್ಬರು ಮೊದಲೇ ಹೇಳಿದ್ದರು. ಆದರೆ ಹೇಳಿದ್ದು ವಾಟ್ಸಾಪ್ ಗ್ರೂಪಿನಲ್ಲಿ, ಹಬ್ಬದ ಶುಭಾಶಯಗಳ ನಡುವೆ. ನನ್ನ ಕಣ್ಣಿಗೆ ಬೀಳಲೇ ಇಲ್ಲ. ದಾನಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ತುಂಬಾ ಬೇಜಾರಾಯಿತು. ಈ ವರ್ಷ ಗೂಗಲ್ ಡಾಕ್ಸ್ ಹಿಡಿದೆ, ಇನ್ನು ಬಿಡುವುದಿಲ್ಲ.

ಮೊದಲು ವರ್ಡ್‌ನ ಟ್ರ್ಯಾಕ್ ಚೇಂಜಸ್ ನೋಡಿದೆ, ಅಂದರೆ ಮಾಡಿದ ತಿದ್ದುಪಡಿಗಳನ್ನು ಫೈಲಿನಲ್ಲೇ ಗುರುತು ಹಾಕಿ ತೋರಿಸುವ ಸೌಲಭ್ಯ. ಒಬ್ಬರೇ ತಿದ್ದುವುದಾದರೆ ಅದು ಒಳ್ಳೆಯದೇ. ನಾವು ಐದು ಜನ. ಐದು ಮೇಲ್, ಐದು ಫೈಲ್, ಎಲ್ಲವನ್ನೂ ನಾನೇ ಕೂತು ಒಂದು ಮಾಡಬೇಕು. ಅದರಲ್ಲೂ ಒಬ್ಬರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿಕೊಂಡ ಮೇಲೆಯೇ ಓದಲು ಆಗಿದ್ದು.

ಡಾಕ್ಸ್‌ನಲ್ಲಿ ಎಲ್ಲರಿಗೂ ಒಂದೇ ಫೈಲ್. ಸಾಲಿನ ಪಕ್ಕದಲ್ಲೇ ಕಾಮೆಂಟ್. ಕಾಮೆಂಟಿನಲ್ಲಿ ಅಟ್ (@) ಚಿಹ್ನೆ ಹಾಕಿ ಒಬ್ಬರ ಮೇಲ್ ವಿಳಾಸ ಬರೆದರೆ ಅವರಿಗೇ ಮೇಲ್ ಹೋಗುತ್ತದೆ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ಸಾಕು, ಥಾಣೆ ಸ್ಟೇಷನ್ ಬರುವಷ್ಟರಲ್ಲಿ ಫೋನಿನಲ್ಲೇ ನಾಲ್ಕೈದು ಕಾಮೆಂಟ್‌ಗೆ ಉತ್ತರ ಬರೆದಿರುತ್ತೇನೆ.

ಒಂದೇ ಒಂದು ಕಿರಿಕಿರಿ, ಕಾಮೆಂಟಿನ ಸರಿ ಗುರುತು (✓). ಕಾಮೆಂಟ್ ಮೇಲೆ ಅದನ್ನು ಒತ್ತಿದರೆ 'ಈ ವಿಷಯ ಮುಗಿಯಿತು' ಎಂದು ಅರ್ಥ, ಕಾಮೆಂಟ್ ಪಕ್ಕದಿಂದ ಮಾಯವಾಗುತ್ತದೆ. ನಮ್ಮ ಹಿರಿಯ ಮಾಸ್ತರು 'ನಾನು ಓದಿದ್ದೇನೆ' ಎಂದು ತಿಳಿಸಲು ಅದನ್ನು ಒತ್ತುತ್ತಾ ಹೋಗಿದ್ದರು. ಎಡಿಟ್ ಅನುಮತಿ, ಅಂದರೆ ಫೈಲ್ ತಿದ್ದುವ ಅನುಮತಿ, ಇದ್ದವರು ಯಾರ ಕಾಮೆಂಟನ್ನೂ ಹೀಗೆ ಮುಗಿಸಬಹುದು; ಅದನ್ನು ಎಲ್ಲರಿಗೂ ಕೊಟ್ಟಿದ್ದವನು ನಾನೇ. ರಾತ್ರಿ ತೆರೆದರೆ ಒಂದೂ ಕಾಮೆಂಟ್ ಇಲ್ಲ! ಎದೆ ಧಸಕ್ಕೆಂದಿತು.

ಪುಣ್ಯಕ್ಕೆ ಯಾವುದೂ ಅಳಿಸಿರಲಿಲ್ಲ. ಮೇಲ್ಗಡೆ ಬಲಕ್ಕಿರುವ ಕಾಮೆಂಟ್ ಗುರುತು ಒತ್ತಿದರೆ ಮುಗಿದವೂ ಅಲ್ಲಿರುತ್ತವೆ, ಒಂದೊಂದಾಗಿ ಮತ್ತೆ ತೆರೆಯಬಹುದು. ಮಾಸ್ತರಿಗೆ ಫೋನ್ ಮಾಡಿದೆ. "ಸರ್, ನೋಡಿದ ಮೇಲೆ ಕೆಳಗೆ 'ನೋಡಿದೆ' ಅಂತ ಬರೆಯಿರಿ, ಸಾಕು. ಗುರುತು ನಾನು ಹಾಕುತ್ತೇನೆ" ಎಂದೆ. ಆಮೇಲೆ ತೊಂದರೆ ಆಗಲಿಲ್ಲ. ತಿದ್ದುವ ಜನ ಜಾಸ್ತಿ ಇದ್ದರೆ ಈ ಮಾತನ್ನು ಮೊದಲ ದಿನವೇ ಹೇಳಿಬಿಡಿ.

ದುಡ್ಡಿನ ಮಾತು: ವಾಟ್ಸಾಪ್‌ಗೂ ಡಾಕ್ಸ್‌ಗೂ ಖರ್ಚಿಲ್ಲ. ಸಂಘದ ಹಣ ಕಾಗದಕ್ಕೆ, ಅಚ್ಚಿಗೇ ಸಾಲದು. ಹಾಗಾಗಿ ಕಂಪ್ಯೂಟರಿಗೆ ಹಾಕಿಕೊಳ್ಳುವ ವರ್ಡ್‌ಗೆ ಎಲ್ಲರೂ ದುಡ್ಡು ಕಟ್ಟುವುದು ನಮಗೆ ಆಗದ ಮಾತು. ವಾಟ್ಸಾಪನ್ನು ಈಗ 'ಫೈಲ್ ನೋಡಿ' ಎಂದು ನೆನಪಿಸಲು ಮಾತ್ರ ಬಳಸುತ್ತೇನೆ.

ಪ್ರೆಸ್ಸಿಗೆ ಕೊಡುವ ಮುಂಚೆ ದಾನಿಗಳ ಪುಟವನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು ಇನ್ನೊಮ್ಮೆ ಓದುತ್ತೇನೆ.