ದೊಡ್ಡಕ್ಷರದ ಕನ್ನಡ ಸತ್ಯವೇದ

ಕಣ್ಣು ಮಂಜಾಗಿ ಓದು ಬಿಟ್ಟಿದ್ದ ಅಮ್ಮನಿಗಾಗಿ ಕೊಂಡ ಈ ಸತ್ಯವೇದವನ್ನು, ಅಂದರೆ ಬೈಬಲನ್ನು, ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್‌ನ 40 ದಿನವೂ ಅವರ ಪಕ್ಕದಲ್ಲಿ ಕುಳಿತು ಓದಿದ್ದೇನೆ. ಅಕ್ಷರಗಳು ಕಪ್ಪಾಗಿ, ಸಾಲುಗಳ ನಡುವೆ ಜಾಗ ಬಿಟ್ಟು ಅಚ್ಚಾಗಿರುವುದರಿಂದ, ಅರಸ ದಾವೀದನು ತನ್ನ ಪಾಪಕ್ಕೆ ನೆಪ ಹುಡುಕದೆ ಶುದ್ಧಹೃದಯವನ್ನು ಬೇಡುವ 51ನೆಯ ಕೀರ್ತನೆಯನ್ನು ಅಮ್ಮ ತಾವೇ ಓದಿದರು. ಆ ಪುಟದ ಅಂಚು ಅವರ ಬೆರಳು ತಾಕಿ ಈಗಾಗಲೇ ಮಾಸಿದೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕತೆಯಲ್ಲಿ, ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡು ಮನೆಗೆ ಮರಳಿದ ಮಗ ತನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂದು ಕೇಳುವ ಮೊದಲೇ ತಂದೆ ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಕ್ಷಮೆಯನ್ನು ದುಡಿದು ಗಳಿಸಲಾಗದು, ಅದು ಕೃಪೆಯಿಂದಲೇ ಬರುತ್ತದೆಂಬ ಕ್ರೈಸ್ತ ನಂಬಿಕೆ ಇಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಅಡಿಟಿಪ್ಪಣಿಗಳು ಮಾತ್ರ ತೀರ ಸಣ್ಣ ಅಕ್ಷರದಲ್ಲಿವೆ. ಪುಸ್ತಕವೂ ಭಾರವಾದ್ದರಿಂದ ಮಡಿಲಲ್ಲಿ ದಿಂಬಿಟ್ಟುಕೊಂಡೇ ಓದಬೇಕು.